ಕೆರೆ ಅಂಗಳದಲ್ಲಿ ಗೂಡು ಕಂಡರೆ ಫೋಟೋ ತೆಗೆಯಬೇಕಾ? ತೆಗೆದರೂ ಜಾಗ ಹೇಳಬೇಕಾ?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯ ಒಂದು ಹಳ್ಳಿಯವಳು. ನಾಲ್ಕು ವರ್ಷದಿಂದ ಬೆಳಿಗ್ಗೆ ಆರಕ್ಕೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುವುದು ರೂಢಿ. ಏರಿ ಮೇಲೆ ಹೋಗಿ, ಕೋಡಿ ಹತ್ತಿರ ಇಳಿದು, ಗೋಮಾಳ ದಾಟಿ ಮನೆಗೆ ಬರುತ್ತೇನೆ. ಮೂರು ಕಿಲೋಮೀಟರ್ ಆಗುತ್ತದೆ ಅಷ್ಟೇ.

ಏಪ್ರಿಲ್‌ನಲ್ಲಿ ನೀರು ತುಂಬಾ ಹಿಂದೆ ಸರಿದಿತ್ತು. ಬಿರುಕು ಬಿಟ್ಟ ಅಂಗಳದಲ್ಲಿ ಟಿಟ್ಟಿಭದ ಗೂಡು ಕಣ್ಣಿಗೆ ಬಿತ್ತು. ಗೂಡು ಅಂದರೆ ಏನೂ ಇಲ್ಲ. ಎಮ್ಮೆಯ ಗೊರಸು ಊರಿದಷ್ಟು ತಗ್ಗು, ಸುತ್ತ ಒಂದಷ್ಟು ಕುರಿ ಹಿಕ್ಕೆ, ಕಡಲೆಕಾಳಿನಷ್ಟು ದಪ್ಪದ ಕಲ್ಲುಗಳು. ಒಳಗೆ ನಾಲ್ಕು ಮೊಟ್ಟೆ, ನಾಲ್ಕರದ್ದೂ ಚೂಪು ತುದಿ ಒಳಕ್ಕೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿದೇ ಬಿಡುತ್ತಿದ್ದೆ.

ಐದಾರು ಫೋಟೋ ತೆಗೆದು ಬಂದೆ. ಖುಷಿಗೆ ನಮ್ಮ ವಾಕಿಂಗ್ ಗುಂಪಿನ ವಾಟ್ಸಾಪ್‌ಗೆ ಹಾಕಿದೆ. ಯಾರೋ ಕೇಳಿದರು ಅಂತ ಲೊಕೇಶನ್ ಕೂಡ ಕಳಿಸಿದೆ. ಭಾನುವಾರ ಮೂರು ಕಾರಲ್ಲಿ ಎಂಟು ಜನ ಬಂದರು. ಒಂಬತ್ತರಿಂದ ಹನ್ನೊಂದೂವರೆವರೆಗೆ ಗೂಡಿನ ಸುತ್ತ ಟ್ರೈಪಾಡ್ ಇಟ್ಟು ಕೂತರು. ಎರಡೂ ಹಕ್ಕಿ ತಲೆ ಮೇಲೆ ಸುತ್ತುತ್ತಾ ಕೂಗುತ್ತಲೇ ಇದ್ದವು. ಮಾರನೇ ದಿನ ಹೋದಾಗ ಮೊಟ್ಟೆ ಇದ್ದವು, ಹಕ್ಕಿ ಕೂತಿರಲಿಲ್ಲ. ಮೂರನೇ ದಿನ ಚಿಪ್ಪಿನ ಚೂರು ಮಾತ್ರ ಇತ್ತು.

ಅವತ್ತಿನಿಂದ ಆ ಕಡೆ ಹೋಗಲು ಮನಸ್ಸೇ ಬರುತ್ತಿಲ್ಲ. ಬಂದವರು ಕೆಟ್ಟವರಲ್ಲ, ಹಕ್ಕಿ ಅಂದರೆ ಅವರಿಗೂ ಪ್ರೀತಿ. ಆದರೂ ಹೀಗಾಯಿತು. ಹಿರಿಯರು, ಅನುಭವ ಇರುವವರು ಹೇಳಿ. ಗೂಡಿನ ಫೋಟೋ ತೆಗೆಯಲೇಬಾರದಾ? ಜಾಗ ಯಾರಿಗೂ ಹೇಳಬಾರದಾ?

ಬೇಲಿಹೂ
ಓದಿ ಸಂಕಟ ಆಯಿತು ಅಕ್ಕ. ನೀವು ಬೇಕಂತ ಮಾಡಿದ್ದಲ್ಲ.

ಹಾರುಹಾದಿ
ಬೇಕಂತ ಮಾಡಿದ್ದಲ್ಲ, ನಿಜ. ಆದರೆ ಇದನ್ನು ಹೀಗೆ ಬಿಡುವುದೂ ಬೇಡ. ನೀವು ಹೇಳಿದ ಸಮಯ ನೋಡಿ, ಒಂಬತ್ತರಿಂದ ಹನ್ನೊಂದೂವರೆ, ಅದೂ ಏಪ್ರಿಲ್‌ನಲ್ಲಿ. ಮರದ ನೆರಳಿಲ್ಲ, ಪೊದೆ ಇಲ್ಲ. ಆ ಹೊತ್ತಲ್ಲಿ ಟಿಟ್ಟಿಭ ಮೊಟ್ಟೆ ಮೇಲೆ ಕೂರುವುದು ಬಿಸಿ ಕೊಡುವುದಕ್ಕಲ್ಲ, ನೆರಳು ಕೊಡುವುದಕ್ಕೆ. ಬಿಸಿಲು ಜಾಸ್ತಿ ಆದರೆ ಅದು ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಎರಡೂವರೆ ಗಂಟೆ ಹಕ್ಕಿಯನ್ನು ಹತ್ತಿರ ಬರಲು ಬಿಡದಿದ್ದರೆ ಕಾದ ನೆಲದ ಮೇಲೆ ಮೊಟ್ಟೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ? ನನ್ನ ಪ್ರಕಾರ ಕಾಗೆ, ಮುಂಗುಸಿ ಬಂದದ್ದು ಆಮೇಲೆ. ಕೆಲಸ ಭಾನುವಾರವೇ ಕೆಟ್ಟಿತ್ತು.

ಕೆರೆದಂಡೆ
ಹೊಟ್ಟೆ ಒದ್ದೆ ಮಾಡಿಕೊಂಡು ಬರುವ ವಿಷಯ ನನಗೆ ಗೊತ್ತೇ ಇರಲಿಲ್ಲ. ಅವತ್ತು ಒಂದು ಹಕ್ಕಿ ಪದೇ ಪದೇ ನೀರಿನ ಕಡೆ ಹೋಗಿ ಬರುತ್ತಿತ್ತು. ಹೆದರಿ ಓಡಾಡುತ್ತಿದೆ ಅಂದುಕೊಂಡಿದ್ದೆ.

ಪಿ900
ಒಂದು ಸಲಹೆ. ದೂರದ ಜೂಮ್ ಇಟ್ಟುಕೊಳ್ಳಿ. ನನ್ನ ಹತ್ತಿರ ಇರುವುದು ಹಳೆಯ ನಿಕಾನ್ ಪಿ900. 83 ಪಟ್ಟು ಜೂಮ್, 2000 ಎಂಎಂ ಲೆನ್ಸಿಗೆ ಸಮ. ಅರವತ್ತು ಎಪ್ಪತ್ತು ಮೀಟರ್ ದೂರದಿಂದ ಹಕ್ಕಿಯ ಕಣ್ಣು ಕಾಣುವ ಹಾಗೆ ಬರುತ್ತದೆ. ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಕಪ್ಪುಬಿಳುಪು
ಎಪ್ಪತ್ತು ಮೀಟರಿಂದ ಬೆಳಿಗ್ಗೆ ಏಳಕ್ಕೆ ಬರುತ್ತದೆ ಸರ್, ಹತ್ತಕ್ಕೆ ಬರುವುದಿಲ್ಲ. ಒಣ ಕೆರೆ ಅಂಗಳ ಕಾದ ಮೇಲೆ ಗಾಳಿ ಕುದಿಯುತ್ತದೆ. ಎಷ್ಟು ಸಾವಿರದ ಲೆನ್ಸ್ ಇದ್ದರೂ ಚಿತ್ರ ನೀರಲ್ಲಿ ಅದ್ದಿದ ಹಾಗೆ ಕಲಸಿಹೋಗುತ್ತದೆ. ಆಗ ಜನ ಏನು ಮಾಡುತ್ತಾರೆ? ಫೋಕಸ್ ಸರಿ ಇಲ್ಲ ಅಂದುಕೊಂಡು ಹತ್ತು ಹೆಜ್ಜೆ ಮುಂದೆ ಹೋಗುತ್ತಾರೆ. ಆಮೇಲೆ ಇನ್ನೂ ಹತ್ತು. ನಾನೂ ಹಾಗೆ ಮಾಡಿದವನೇ, ಆಮೇಲೆ ತಿಳಿಯಿತು. ಬೇಸಿಗೆಯಲ್ಲಿ ಎಂಟೂವರೆಗೆ ಕ್ಯಾಮೆರಾ ಚೀಲಕ್ಕೆ ಹಾಕುವುದೇ ಸರಿ. ಹಕ್ಕಿಗೂ ಒಳ್ಳೆಯದು, ಫೋಟೋಗೂ ಒಳ್ಳೆಯದು.

ಪಿ900
ಒಪ್ಪಿದೆ. ನಾನು ತೆಗೆದ ಒಳ್ಳೆಯ ಫೋಟೋಗಳೆಲ್ಲಾ ಎಂಟರ ಒಳಗಿನವೇ.

ಹುಣಸೆತೋಪು
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ಮದ್ದೂರು ತಾಲೂಕು. ಕೊಕ್ಕರೆ ಬೆಳ್ಳೂರಿನಲ್ಲಿ ನಮ್ಮ ನೆಂಟರ ಮನೆ ಇದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಊರ ನಡುವಿನ ಹುಣಸೆ, ಅರಳಿ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಜಗಲಿ ಮೇಲೆ ಹೆಂಗಸರು ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ, ಮೇಲೆ ಮರಿ ಕೂಗುತ್ತಿರುತ್ತದೆ. ಟ್ರ್ಯಾಕ್ಟರ್ ಹೋಗುತ್ತದೆ, ಮೈಕ್ ಹಾಕುತ್ತಾರೆ. 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆ ಆಯಿತು, ಆದರೆ ಅದಕ್ಕೂ ಎಷ್ಟೋ ತಲೆಮಾರು ಮೊದಲಿಂದ ಊರವರೇ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿಗೆ ಜನ ಬಂದು ಫೋಟೋ ತೆಗೆದಿದ್ದರಿಂದಲೇ ಹೊರಗಿನ ಲೋಕಕ್ಕೆ ಆ ಊರು ಗೊತ್ತಾಗಿದ್ದು. ಎಲ್ಲವನ್ನೂ ಮುಚ್ಚಿಟ್ಟರೆ ಯಾರಿಗೆ ಪ್ರೀತಿ ಹುಟ್ಟುತ್ತದೆ?

ಹಾರುಹಾದಿ
ಕೊಕ್ಕರೆ ಬೆಳ್ಳೂರಿನದು ಮರದ ತುದಿ. ಇದು ಬರೀ ನೆಲ. ಅಲ್ಲಿನ ಹಕ್ಕಿಗೆ ಊರಿನ ಜನ ಅಂದರೆ ಭಯ ಇಲ್ಲ, ಅದು ಹುಟ್ಟಿದಾಗಿನಿಂದ ಅವರನ್ನು ನೋಡಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹುಣಸೆತೋಪು
ನೆಲದ ಗೂಡು ಬೇರೆ ಅಂತ ಒಪ್ಪುತ್ತೇನೆ. ಆದರೆ ಬೆಳ್ಳೂರಿಗೂ ಈಗ ಡ್ರೋನ್ ತರುವವರಿದ್ದಾರೆ. ಕೆಳಗೆ ಜನ ಓಡಾಡಿದರೆ ತಲೆಕೆಡಿಸಿಕೊಳ್ಳದ ಹಕ್ಕಿ, ಮೇಲಿಂದ ಏನಾದರೂ ಬಂದರೆ ಹದ್ದು ಬಂತು ಅಂತ ಹೌಹಾರುತ್ತದೆ. ತಾಯಿ ಎದ್ದರೆ ಮರಿ ಅಂಚಿಗೆ ಬರುತ್ತದೆ. ಊರವರು ಬೈದು ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಉತ್ತುಬಿತ್ತು
ನಾನು ಫೋಟೋ ತೆಗೆಯುವವನಲ್ಲ, ರೈತ. ಮಗಳು ಈ ಚರ್ಚೆ ತೋರಿಸಿದಳು. ನಮ್ಮ ಅಪ್ಪ ಹೊಲ ಉಳುವಾಗ ಈ ಹಕ್ಕಿ ಮೊಟ್ಟೆ ಕಂಡರೆ ನೇಗಿಲು ಎತ್ತಿ ಆಚೆ ಇಡುತ್ತಿದ್ದರು. ನಾಲ್ಕು ಮೂಲೆಗೆ ತೊಗರಿ ಕಡ್ಡಿ ಚುಚ್ಚಿ ಅಷ್ಟು ಜಾಗ ಉಳದೆ ಬಿಡುತ್ತಿದ್ದರು. ಮರಿ ಆದ ಮೇಲೆ ಆ ತುಂಡನ್ನು ಉಳುತ್ತಿದ್ದರು. ಈಗ ಟ್ರ್ಯಾಕ್ಟರ್‌ನವನಿಗೆ ಮೇಲಿಂದ ಕಾಣುವುದಿಲ್ಲ, ಅದಕ್ಕೆ ನಾನು ಮೊದಲು ಹೊಲ ಒಂದು ಸುತ್ತು ನಡೆದು ನೋಡುತ್ತೇನೆ. ಹೋದ ವರ್ಷ ಎರಡು ಕಡೆ ಕಡ್ಡಿ ನೆಟ್ಟೆ. ಕಾವು ನಾಲ್ಕು ವಾರ ಹಿಡಿಯುತ್ತದೆ. ಅಷ್ಟು ದಿನ ಕಾಯುವುದು ಕಷ್ಟ ಏನಲ್ಲ.

ಕೆರೆದಂಡೆ
ಅಣ್ಣ, ನೀವು ಬರೆದಿದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ದೊಡ್ಡಾಲ
ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ, ಈಗಿನವರಿಗೆ ಉಪಯೋಗ ಆಗಬಹುದು. ನಾನು ಫಿಲ್ಮ್ ಕಾಲದವನು. ಸಂಡೂರಿನ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರ ಕಪ್ಪು ಬಿಳುಪು ಚಿತ್ರ ನೋಡಿ ಬೆಳೆದವರು ನಾವು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾಯಿತು. ಆಗ ಒಂದು ರೋಲಿಗೆ 36 ಚಿತ್ರ. ಲೆನ್ಸ್ ಉದ್ದ ಕಡಿಮೆ. ಹಾರುವ ಹಕ್ಕಿ ಹಿಡಿಯುವುದು ದುಸ್ತರ. ಹಕ್ಕಿ ಖಂಡಿತ ವಾಪಸ್ ಬರುವ ಜಾಗ ಒಂದೇ, ಗೂಡು. ಹಾಗಾಗಿ ಪ್ರಪಂಚದ ಎಲ್ಲ ಕಡೆಯೂ ಆಗಿನ ಹಕ್ಕಿ ಫೋಟೋ ಅಂದರೆ ಬಹುಪಾಲು ಗೂಡಿನ ಫೋಟೋನೇ. ಗೋಣಿತಾಟಿನ ಮರೆ ಕಟ್ಟಿ, ದಿನಕ್ಕೆ ಎರಡು ಮಾರು ಮುಂದೆ ತಂದು, ಹಕ್ಕಿಗೆ ರೂಢಿ ಮಾಡಿಸಿ ಆಮೇಲೆ ಒಳಗೆ ಕೂರುತ್ತಿದ್ದೆವು. ಒಂದು ಚಿತ್ರಕ್ಕೆ ಹತ್ತು ದಿನ.

ಅಷ್ಟು ಜೋಪಾನ ಮಾಡಿದರೂ ನಮ್ಮಿಂದ ಕೆಟ್ಟ ಗೂಡುಗಳಿವೆ. ಅದನ್ನು ಒಪ್ಪಿಕೊಳ್ಳಬೇಕು. ಈಗ 600 ಎಂಎಂ ಲೆನ್ಸ್ ಸಾಮಾನ್ಯರ ಕೈಗೂ ಬಂದಿದೆ, ಒಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ಬರುತ್ತದೆ. ಗೂಡಿಗೆ ಹೋಗಲು ಇದ್ದ ಕಾರಣವೇ ಮುಗಿದಿದೆ. ಈಗ ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ತೆಗೆದುಕೊಳ್ಳುವುದೇ ಇಲ್ಲ. ಒಳ್ಳೆಯದೇ ಆಯಿತು.

ಹೊಸಹೆಜ್ಜೆ
ಸರ್, ಹಾಗಾದರೆ ಗೂಡಿನ ಫೋಟೋ ತೆಗೆಯುವುದು ಕಾನೂನಿನ ಪ್ರಕಾರ ತಪ್ಪಾ? ಅಭಯಾರಣ್ಯದ ಒಳಗೆ ಮಾತ್ರ ನಿಯಮ ಅಲ್ವಾ? ಕೆರೆ ಅಂಗಳ ಊರಿನದು ತಾನೇ.

ಕಲಂಕಾರ
ಎರಡು ವಿಷಯ ಕಲಸಿಹೋಗಿದೆ. ಅಭಯಾರಣ್ಯದ ಒಳಗೆ ಫೋಟೋ ತೆಗೆಯಲು ಹೋಗುವುದಕ್ಕೆ ಅನುಮತಿ ಬೇಕು, ಅದು ಒಂದು. ಇನ್ನೊಂದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನುವ ಪದಕ್ಕೆ ಕೊಟ್ಟ ಅರ್ಥ. ಕೊಲ್ಲುವುದು, ಹಿಡಿಯುವುದು ಮಾತ್ರ ಅಲ್ಲ, ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಆ ಅರ್ಥದೊಳಗೆ ಬರುತ್ತದೆ. ಇದಕ್ಕೆ ಅಭಯಾರಣ್ಯದ ಗಡಿ ಇಲ್ಲ. ದೂರದಿಂದ ಒಂದು ಚಿತ್ರ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಹಕ್ಕಿಯನ್ನು ಎರಡೂವರೆ ಗಂಟೆ ಎಬ್ಬಿಸಿ ಇಟ್ಟದ್ದು ತೊಂದರೆ ಅಲ್ಲ ಅಂತ ವಾದಿಸುವುದು ಕಷ್ಟ.

ಥೇಮ್ಸ್‌ಕನ್ನಡಿಗ
ಇಂಗ್ಲೆಂಡಿನಲ್ಲಿದ್ದೇನೆ, ಮೂಲ ಶಿರಸಿ. ಇಲ್ಲಿ ಹೊಲದ ನಡುವೆಯೇ ಜನ ನಡೆಯುವ ಹಕ್ಕಿನ ಕಾಲುದಾರಿಗಳಿವೆ, ಭಾನುವಾರ ಬಂದರೆ ಎಲ್ಲರ ಕೈಯಲ್ಲೂ ಕ್ಯಾಮೆರಾ. 1981ರ ಒಂದು ಕಾಯ್ದೆ ಇದೆ, ಅದರ ಮೊದಲ ಪಟ್ಟಿಯಲ್ಲಿರುವ ಹಕ್ಕಿಗೆ ಗೂಡಿನ ಹತ್ತಿರ ಬೇಕಂತಲೇ ಅಥವಾ ಅಜಾಗರೂಕತೆಯಿಂದ ತೊಂದರೆ ಕೊಟ್ಟರೆ ಅಪರಾಧ. ಫೋಟೋಗಾಗಿ ಗೂಡಿನ ಹತ್ತಿರ ಹೋಗಿ ತೊಂದರೆ ಆಗುವ ಹಾಗಿದ್ದರೆ ಮೊದಲೇ ಲೈಸೆನ್ಸ್ ತೆಗೆದುಕೊಳ್ಳಬೇಕು. ಆ ಪಟ್ಟಿಯಲ್ಲಿ ಮಿಂಚುಳ್ಳಿ ಇದೆ. ನಮ್ಮ ಊರ ಹಳ್ಳದಲ್ಲಿ ಚಿಕ್ಕಂದಿನಲ್ಲಿ ನೋಡಿದ ಅದೇ ನೀಲಿ ಪುಟ್ಟ ಮಿಂಚುಳ್ಳಿ. ಇಲ್ಲಿ ಅದರ ಬಿಲದ ಎದುರು ಕ್ಯಾಮೆರಾ ಇಟ್ಟು ಕೂರಲು ಜನ ಹೆದರುತ್ತಾರೆ. ಅಲ್ಲಿ ಹಳ್ಳದ ದಡ ಕಡಿದು ಮರಳು ತುಂಬುವಾಗ ಬಿಲವೇ ಹೋಗುತ್ತದೆ. ಊರಿಗೆ ಬಂದಾಗಲೆಲ್ಲಾ ಅದೇ ಯೋಚನೆ.

ಎರೆಹೊಲ
ಗದಗ ಕಡೆಯಿಂದ ನಮಸ್ಕಾರ್ರೀ. ವಿಷಯ ಸ್ವಲ್ಪ ಪಕ್ಕಕ್ಕೆ ಎಳೆಯುತ್ತೇನೆ. ಎಲ್ಲರೂ ಹಕ್ಕಿ ಹಕ್ಕಿ ಅಂತೀರಿ, ನೆಲದ ಫೋಟೋ ಯಾರೂ ಹಾಕುವುದಿಲ್ಲ. ಹಾಕಿದರೂ ಮಲೆನಾಡಿನ ಮಂಜು, ಜಲಪಾತ. ನಮ್ಮ ಕಡೆ ಏನಿದೆ, ಬರೀ ಬಯಲು ಅಂತ ಒಬ್ಬರು ಮೊನ್ನೆ ಬರೆದಿದ್ದರು. ಒಮ್ಮೆ ಜನವರಿಯಲ್ಲಿ ಬನ್ನಿ. ಎರೆ ಹೊಲದಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿರುತ್ತದೆ, ಪಕ್ಕದಲ್ಲಿ ಕಡಲೆ, ಅಂಚಿಗೆ ಕುಸುಬೆ ಹಳದಿ. ಏಳೂವರೆಯ ಎಳೆಬಿಸಿಲಿಗೆ ಎರೆಮಣ್ಣಿನ ಒಂದೊಂದು ಹೆಂಟೆಗೂ ನೆರಳು ಬೀಳುತ್ತದೆ. ಕಪ್ಪತಗುಡ್ಡದ ಸಾಲು ಹಿಂದೆ ನೀಲಿಯಾಗಿ ಮಲಗಿರುತ್ತದೆ. ಮೊಬೈಲನ್ನು ನೆಲಕ್ಕೆ ತಾಗಿಸಿ ಹಿಡಿದು ತೆಗೆಯಿರಿ, ಮುಕ್ಕಾಲು ಪಾಲು ಆಕಾಶಕ್ಕೇ ಬಿಡಿ, ಸಾಕು. ಇದಕ್ಕಿಂತ ಏನು ಬೇಕು?

ಇನ್ನೊಂದು. ಈ ಹುಲ್ಲುಗಾವಲು, ಕುರುಚಲು ನೆಲವನ್ನು ಸರ್ಕಾರಿ ನಕ್ಷೆಯಲ್ಲಿ ಬಂಜರು ಅಂತಲೇ ಬರೆದಿರುತ್ತಾರೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಸೆಳೆವ ಅನ್ನುವ ಬೇಟೆಹಕ್ಕಿ ರಾತ್ರಿ ಮಲಗುವುದು ಈ 'ಬಂಜರು' ಹುಲ್ಲಿನ ನೆಲದ ಮೇಲೆ. ಕೃಷ್ಣಮೃಗ, ತೋಳ, ನರಿ ಎಲ್ಲ ಇರುವುದು ಇಲ್ಲೇ. ಇದರ ಫೋಟೋ ಯಾರೂ ತೆಗೆಯುವುದಿಲ್ಲ, ಹಾಗಾಗಿ ಇದು ಹೋದಾಗ ಯಾರೂ ಕೇಳುವುದೂ ಇಲ್ಲ.

ಬೇಲಿಹೂ
ಎರೆಹೊಲ ಅವರೇ, ಮಧುಗಿರಿ ತಾಲೂಕಿನ ಮೈದನಹಳ್ಳಿ ನೋಡಿದ್ದೀರಾ? ಜಯಮಂಗಲಿ ಕೃಷ್ಣಮೃಗ ಮೀಸಲು. ಅಲ್ಲೂ ಹೀಗೇ ಬಯಲು. ಜೂನ್‌ನಲ್ಲಿ ಒಂದು ಮಳೆ ಬಿದ್ದು ಹುಲ್ಲು ಚಿಗುರಿದಾಗ ಹೋಗಬೇಕು. ಧೂಳೆಲ್ಲಾ ಕುಳಿತು ಗಾಳಿ ತಿಳಿಯಾಗಿರುತ್ತದೆ, ದೂರದ ಬೆಟ್ಟ ಕೈಗೆ ಸಿಗುವ ಹಾಗೆ ಕಾಣುತ್ತದೆ.

ಇಂಬಳಕಾಡು
ಮಲೆನಾಡಿನವರ ಮೇಲೆ ಎಲ್ಲರಿಗೂ ಸಿಟ್ಟು. ತೀರ್ಥಹಳ್ಳಿಯಿಂದ ಹೇಳುತ್ತಿದ್ದೇನೆ, ನಮ್ಮ ಮಂಜಿನ ಫೋಟೋ ನಮಗೇ ಸಾಕಾಗಿದೆ. ಒಂದು ಗುಡ್ಡದ ಫೋಟೋ ಓಡಿತು ಅಂದರೆ ಮುಂದಿನ ಶನಿವಾರ ಆ ದಾರಿಯಲ್ಲಿ ಹಾಲಿನ ಗಾಡಿ ಹೋಗಲೂ ಜಾಗ ಇರುವುದಿಲ್ಲ. 2024ರ ಜನವರಿ ರಜೆಯಲ್ಲಿ ಕುಮಾರಪರ್ವತಕ್ಕೆ ನುಗ್ಗಿದ ಜನ ನೆನಪಿದೆ ಅಲ್ವಾ? ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬಂತು. ಸರಿಯಾದದ್ದೇ. ಗೂಡಿಗೆ ಎಂಟು ಜನ ಬಂದದ್ದೂ, ಗುಡ್ಡಕ್ಕೆ ಸಾವಿರ ಜನ ಬಂದದ್ದೂ ಒಂದೇ ಥರ, ಲೊಕೇಶನ್ ಕಳಿಸಿದ್ದರಿಂದ.

ಮತ್ತೆ ಮಳೆಗಾಲದ ಕಪ್ಪೆ ಫೋಟೋದವರಿಗೆ ಒಂದು ಮಾತು. ರಾತ್ರಿ ಬರುತ್ತಾರೆ. ಇಂಬಳ ಹತ್ತಬಾರದು ಅಂತ ಕಾಲಿಗೆ ಹೊಗೆಸೊಪ್ಪು ಸುಣ್ಣದ ನೀರು, ಕೈಗೆ ಸೊಳ್ಳೆ ಕ್ರೀಮು. ಅದೇ ಕೈಯಲ್ಲಿ ಕಪ್ಪೆ ಎತ್ತಿ 'ಒಳ್ಳೆಯ' ಎಲೆ ಮೇಲೆ ಕೂರಿಸುತ್ತಾರೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ ಮಾರಾಯ್ರೇ. ನಿಮ್ಮ ಕೈಯಲ್ಲಿರುವುದೆಲ್ಲಾ ಅದರ ಮೈಯೊಳಗೆ ಹೋಗುತ್ತದೆ. ಕೂತಲ್ಲೇ ತೆಗೆಯಿರಿ, ಇಲ್ಲದಿದ್ದರೆ ಬಿಡಿ.

ಹೊಸಹೆಜ್ಜೆ
ಮಿಣುಕುಹುಳದ ಫೋಟೋ ತೆಗೆಯಬೇಕು ಅಂತ ಆಸೆ ಇತ್ತು, ಅದನ್ನಾದರೂ ತೆಗೆಯಬಹುದಾ?

ಇಂಬಳಕಾಡು
ಧಾರಾಳವಾಗಿ. ಮುಂಗಾರು ಹಿಡಿಯುವ ಮುಂಚೆ, ಮೇ ಕೊನೆಯಿಂದ ಜೂನ್ ಶುರುವಿನವರೆಗೆ. ಟ್ರೈಪಾಡ್ ಬೆಳಕಿರುವಾಗಲೇ ಇಟ್ಟು ಫೋಕಸ್ ಹಾಕಿಬಿಡಿ. ಕತ್ತಲಾದ ಮೇಲೆ ಟಾರ್ಚ್ ಹಚ್ಚಬೇಡಿ, ಮೊಬೈಲ್ ಪರದೆಯೂ ಬೇಡ. ಅವು ಮಿಣುಕುವುದೇ ಜೋಡಿ ಹುಡುಕಲು. ನಿಮ್ಮ ಬೆಳಕು ಬಿದ್ದರೆ ಆ ಮಾತುಕತೆ ನಿಂತುಹೋಗುತ್ತದೆ. 30 ಸೆಕೆಂಡಿನ ಹತ್ತಿಪ್ಪತ್ತು ಚಿತ್ರ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಿದರೆ ಆಯಿತು.

ಕೆರೆಲೆಕ್ಕ
ಮತ್ತೆ ಮೂಲ ಪ್ರಶ್ನೆಗೆ ಬರೋಣ. ಜಾಗ ಹೇಳಬೇಡಿ, ಹೇಳಬೇಡಿ ಅಂತ ಎಲ್ಲರೂ ಬರೆಯುತ್ತಿದ್ದೀರಿ. ನಾನು ಇದಕ್ಕೆ ವಿರೋಧ. ಹದಿನೈದು ವರ್ಷದಿಂದ ಕೆರೆಗಳ ಹಕ್ಕಿ ಎಣಿಸಿ ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕುತ್ತಿದ್ದೇನೆ. ಕೆರೆ ಒತ್ತುವರಿ ಆಗುವಾಗ, ಅಲ್ಲಿಗೆ ಚರಂಡಿ ನೀರು ಬಿಡುವಾಗ, ಇಲ್ಲಿ ಏನೂ ಇಲ್ಲ ಅಂತಲೇ ಮೊದಲು ಹೇಳುವುದು. ಆಗ ನಮ್ಮ ಕೈಯಲ್ಲಿ ತೋರಿಸಲು ಏನಾದರೂ ಇರಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆ ಎಷ್ಟಿದೆ? ಐವತ್ನಾಲ್ಕು ಹೆಕ್ಟೇರ್ ಚಿಲ್ಲರೆ. ಹಳ್ಳಿಯ ನೀರಾವರಿ ಕೆರೆ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು ಸಾವಿರಗಟ್ಟಲೆ ಬಂದು ಇಳಿಯುತ್ತದೆ ಅಂತ ವರ್ಷಗಟ್ಟಲೆ ಜನ ನೋಡಿ, ಎಣಿಸಿ, ಫೋಟೋ ತೆಗೆದು ಬರೆದಿಟ್ಟರು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಪ್ರಪಂಚದ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ಜೊತೆಗೇ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಯೂ, ಅಘನಾಶಿನಿ ಅಳಿವೆಯೂ ಸೇರಿದವು. ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇದು ಆಗುತ್ತಿತ್ತಾ?

ಎರೆಹೊಲ
ಮಾಗಡಿ ಕೆರೆ ಹೆಸರು ಬಂದಿದ್ದು ಖುಷಿ ಆಯಿತ್ರೀ. ಬೆಳಿಗ್ಗೆ ಆ ಹೆಬ್ಬಾತುಗಳು ಹೊಲದಿಂದ ಹಿಂತಿರುಗಿ ಸಾಲು ಸಾಲಾಗಿ ನೀರಿಗೆ ಇಳಿಯುವುದನ್ನು ನೋಡಬೇಕು. ಶೇಂಗಾ, ಕಡಲೆ ತಿಂದು ಬಂದಿರುತ್ತವೆ. ನಮ್ಮ ರೈತರಿಗೆ ನಷ್ಟವೂ ಆಗುತ್ತದೆ, ಅದನ್ನೂ ಬರೆಯಬೇಕು.

ಹಾರುಹಾದಿ
ಕೆರೆಲೆಕ್ಕ ಸರ್, ಯಾರೂ ಕೆರೆಯ ಹೆಸರು ಮುಚ್ಚಿಡಿ ಅಂದಿಲ್ಲ. ಗೂಡಿನ ಜಾಗ ಅಂದಿದ್ದು. ಕೆರೆಗೆ ಹೋದವನು ಏರಿ ಮೇಲೆ ನಿಂತು ಇನ್ನೂರು ಹಕ್ಕಿ ನೋಡುತ್ತಾನೆ. ಗೂಡಿಗೆ ಹೋದವನು ಒಂದೇ ಹಕ್ಕಿಯ ತಲೆ ಮೇಲೆ ಕೂರುತ್ತಾನೆ. ವ್ಯತ್ಯಾಸ ಅಷ್ಟೇ.

ಕೆರೆಲೆಕ್ಕ
ಹಾಗಾದರೆ ನಮ್ಮಲ್ಲಿ ಜಗಳ ಇಲ್ಲ. ಗೂಡಿನ ಜಾಗ ನಾನೂ ಬರೆಯುವುದಿಲ್ಲ. ಅಪರೂಪದ ಕೆಲವು ಹಕ್ಕಿಗಳ ಜಾಗವನ್ನು ಇ-ಬರ್ಡ್ ತಾನೇ ಮರೆಮಾಡುತ್ತದೆ. ಟಿಟ್ಟಿಭ ಅಂಥ ಪಟ್ಟಿಗೆ ಬರುವಂಥದ್ದಲ್ಲ, ಎಲ್ಲ ಕಡೆ ಇರುವ ಹಕ್ಕಿ. ಅದರ ಗೂಡನ್ನು ನಾವೇ ಜೋಪಾನ ಮಾಡಬೇಕು.

ಫೋಟೋ ತೆಗೆಯುವವರಿಂದ ನಿಜವಾಗಿ ಆಗಬೇಕಾದ ಒಂದು ಕೆಲಸ ಹೇಳುತ್ತೇನೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲೂ ಕಂಡಿವೆ. ಪಟ್ಟಿಯ ಮೇಲೆ ಅಕ್ಷರ, ಅಂಕಿ ಇರುತ್ತದೆ. ಅದು ಓದಲು ಬರುವ ಹಾಗೆ ಒಂದು ಚಿತ್ರ ಸಿಕ್ಕರೆ ಸಾಕು. ಹಿಮಾಲಯ ದಾಟಿ ಬಂದ ಆ ಹಕ್ಕಿ ಎಲ್ಲಿಂದ ಹೊರಟಿತು ಅಂತ ಗೊತ್ತಾಗುತ್ತದೆ. ಚೆಂದದ ಚಿತ್ರವೇ ಆಗಬೇಕಿಲ್ಲ.

ಮೊಬೈಲ್‌ಸಾಕು
ಒಂದು ವಿಷಯ ಎಲ್ಲರೂ ಗಮನಿಸಿ. ನೀವು ಜಾಗ ಹೇಳದಿದ್ದರೂ ಫೋಟೋನೇ ಹೇಳಿಬಿಡುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಚಿತ್ರದ ಒಳಗೇ ಅಕ್ಷಾಂಶ ರೇಖಾಂಶ ಕೂತಿರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಆದರೆ ಕ್ವಾಲಿಟಿ ಹಾಳಾಗಬಾರದು ಅಂತ ಡಾಕ್ಯುಮೆಂಟ್ ಆಗಿ ಕಳಿಸುತ್ತೀರಲ್ಲ, ಆಗ ಎಲ್ಲವೂ ಹಾಗೇ ಹೋಗುತ್ತದೆ. ವಾಕಿಂಗ್ ಹೊರಡುವ ಮುಂಚೆ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ.

ಕೆರೆದಂಡೆ
ಈಗಲೇ ಆಫ್ ಮಾಡಿದೆ.

ಹೊಸಹೆಜ್ಜೆ
ವಿಷಯಕ್ಕೆ ಸಂಬಂಧ ಇಲ್ಲ, ಕ್ಷಮಿಸಿ. ಹೋದ ವರ್ಷ ಕೊಂಡ 55-250 ಲೆನ್ಸ್ ಒಳಗೆ ಬಿಳಿ ಎಳೆ ಎಳೆ ಕಾಣುತ್ತಿದೆ, ಜೇಡರ ಬಲೆಯ ಥರ. ಅಂಗಡಿಯವರು ಧೂಳು ಅಂದರು. ನಾನಿರುವುದು ಸಾಗರದಲ್ಲಿ.

ಇಂಬಳಕಾಡು
ಧೂಳಲ್ಲ, ಬೂಷ್ಟು. ಸಾಗರ ಅಂದ ಮೇಲೆ ಕೇಳಬೇಕಾ? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಲೆನ್ಸಿಗೂ ಬೂಷ್ಟು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ನೀಲಿ ಆಗುತ್ತದೆ.

ಬೇಲಿಹೂ
ಕೆಲವರು ಅಕ್ಕಿ ಡಬ್ಬದಲ್ಲಿ ಇಡುತ್ತಾರಲ್ಲ?

ಕಪ್ಪುಬಿಳುಪು
ಅಕ್ಕಿ ಬೇಡ. ಅಕ್ಕಿಯ ಪುಡಿ ಒಳಗೆ ಹೋಗಿ ಇನ್ನೊಂದು ಕಷ್ಟ. ಇಂಬಳಕಾಡು ಸರ್, ಅಡುಗೆ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್, ವಿಷ. ಅದಕ್ಕೇ ಬೇರೆ ಪಾತ್ರೆ ಇಡಿ, ಇಲ್ಲವೇ ಕಿತ್ತಳೆ ಬಣ್ಣದ ಜೆಲ್ ಸಿಗುತ್ತದೆ, ಅದನ್ನು ತನ್ನಿ. ಡಬ್ಬಿಯೊಳಗೆ ತೇವ ತೋರಿಸುವ ಪುಟ್ಟ ಮೀಟರ್ ಇಟ್ಟುಕೊಳ್ಳಿ, ಶೇಕಡಾ 40ರಿಂದ 50ರ ಒಳಗಿದ್ದರೆ ಸಾಕು. ತೀರಾ ಒಣಗಿಸುವುದೂ ಒಳ್ಳೆಯದಲ್ಲ.

ಇಂಬಳಕಾಡು
ಇದು ಗೊತ್ತಿರಲಿಲ್ಲ. ಆ ಬಾಣಲೆ ಇವತ್ತೇ ಕೊಟ್ಟಿಗೆಗೆ ಹೋಯಿತು.

ದೊಡ್ಡಾಲ
ಕೆರೆದಂಡೆ ಅವರೇ, ನಡೆಯುವುದನ್ನು ಬಿಡಬೇಡಿ. ಹಕ್ಕಿಗೆ ದನದ ಭಯ ಇಲ್ಲ. ದನ ಮೇಯಿಸುವವರ ಜೊತೆಗೇ ನಿಧಾನ ನಡೆದು ನೋಡಿ. ನೇರ ಹಕ್ಕಿಯ ಕಡೆ ಹೋಗಬೇಡಿ, ಓರೆಯಾಗಿ, ಎಲ್ಲೋ ಬೇರೆ ಕಡೆ ಹೋಗುವವರ ಹಾಗೆ ಹೋಗಿ. ಆಗಾಗ ಕೂರಿ. ಹಕ್ಕಿ ಮೇಯುವುದು ನಿಲ್ಲಿಸಿ ಕತ್ತು ಎತ್ತಿತು ಅಂದರೆ ನೀವು ಸಾಕಷ್ಟು ಹತ್ತಿರ ಬಂದಿದ್ದೀರಿ, ಅಲ್ಲಿಗೇ ನಿಲ್ಲಿ. ಟಿಟ್ಟಿಭದ ಮರಿ ಮೊಟ್ಟೆಯಿಂದ ಬಂದ ಸ್ವಲ್ಪ ಹೊತ್ತಿಗೇ ಎದ್ದು ಓಡಾಡುತ್ತದೆ. ಗೂಡಿನ ಹಂಗು ಮುಗಿಯಿತು. ಆಗ ಏರಿ ಮೇಲಿಂದ ತೆಗೆಯಿರಿ. ಒಮ್ಮೆ ಮೊಟ್ಟೆ ಕಳೆದುಕೊಂಡ ಜೋಡಿ ಮತ್ತೆ ಇಡುವುದುಂಟು.

ಉತ್ತುಬಿತ್ತು
ಹೌದು, ಮತ್ತೆ ಇಡುತ್ತವೆ. ನಮ್ಮ ಹೊಲದಲ್ಲಿ ನೋಡಿದ್ದೇನೆ. ಹೋಗಿ ಬನ್ನಿ ತಾಯಿ.

ಕೆರೆದಂಡೆ
ಬರೆಯಲು ತಡವಾಯಿತು. ನಿಮ್ಮೆಲ್ಲರ ಮಾತು ಓದಿ ಹೋದ ವಾರದಿಂದ ಮತ್ತೆ ಹೋಗುತ್ತಿದ್ದೇನೆ. ಈಗ ಏರಿ ಬಿಟ್ಟು ಕೆಳಗೆ ಇಳಿಯುವುದಿಲ್ಲ. ಗುಂಪಿನಲ್ಲಿ ಅವತ್ತು ಬಂದಿದ್ದವರ ಜೊತೆಗೂ ಮಾತಾಡಿದೆ. ಇಬ್ಬರು ತುಂಬಾ ನೊಂದುಕೊಂಡರು. ಒಬ್ಬರಿಗೆ ಕೋಪ ಬಂತು, ಗುಂಪು ಬಿಟ್ಟರು. ಅದು ಇರಲಿ.

ಇವತ್ತು ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ಟಿಟ್ಟಿಭ ಅಂಗಳದ ಕಡೆಯಿಂದ ನಡೆದು ಬಂತು. ಹಾರಲಿಲ್ಲ, ಕೂಗಲಿಲ್ಲ. ನೀರಿನ ಅಂಚಿಗೆ ಬಂದು ಕಾಲು ಮಡಿಸಿ ಕೂತಿತು. ಎದೆ, ಹೊಟ್ಟೆ ಎರಡೂ ಮುಳುಗಿದವು. ಮೈಯನ್ನು ಆ ಕಡೆ ಈ ಕಡೆ ಅಲುಗಾಡಿಸಿ ಎದ್ದಾಗ ಹೊಟ್ಟೆಯ ಬಿಳಿ ಪುಕ್ಕ ಅಂಟಿಕೊಂಡು ನೀರು ತೊಟ್ಟಿಕ್ಕುತ್ತಿತ್ತು. ಹಾಗೇ ವಾಪಸ್ ನಡೆಯಿತು. ಸ್ವಲ್ಪ ದೂರ ಹೋಗಿ ನಿಂತು, ಕಾಲಿನಿಂದ ಏನನ್ನೋ ಸರಿ ಮಾಡಿಕೊಂಡು, ನಿಧಾನಕ್ಕೆ ಕೆಳಗೆ ಕೂತಿತು.

ನೀರಲ್ಲಿ ಕೂತಿರುವ ಚಿತ್ರ ಮಾತ್ರ ಹಾಕುತ್ತಿದ್ದೇನೆ. ಅದು ವಾಪಸ್ ಹೋದದ್ದು ಯಾವ ಕಡೆ ಅಂತ ದಯವಿಟ್ಟು ಕೇಳಬೇಡಿ.

ಹೊಸಹೆಜ್ಜೆ
ಕೇಳುವುದಿಲ್ಲ ಅಕ್ಕ. ಷಟರ್ ಸ್ಪೀಡ್ ಎಷ್ಟಿಟ್ಟಿದ್ದಿರಿ, ಅಷ್ಟು ಹೇಳಿ. ಒಂದೊಂದು ಹನಿಯೂ ಕಾಣುತ್ತಿದೆ.

ಕೆರೆದಂಡೆ
1/1000. ಏರಿ ಕಲ್ಲಿನ ಮೇಲೆ ಮೊಣಕೈ ಊರಿದ್ದೆ.